ಪಿತ್ತದ ಗಂಧೆಗೆ ಯಾವ ಮಾತ್ರೆ ಅಂತ ಕೇಳುವವರಿಗೆ

ಡಿಸೆಂಬರ್‌ನಲ್ಲಿ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ತೆಗೆಯದ ಕಾಫಿ ಬೀಜದ ಮೂಟೆಗಳು ಬರಲು ಶುರುವಾದ ಮೇಲೆ, ಆ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ಅಕ್ಕಾ, ಮೈಯೆಲ್ಲ ಪಿತ್ತ ಎದ್ದಿದೆ. ನೀವು ತಗೊಳ್ತೀರಲ್ಲ, ಆ ಮಾತ್ರೆ ಒಂದು ಕೊಡಿ." ನಾನು ಚಿಕ್ಕಮಗಳೂರಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆದರೆ ವರ್ಷಗಟ್ಟಲೆ ಪಿತ್ತದ ಗಂಧೆ ಅನುಭವಿಸಿದವಳು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನನ್ನ ಬ್ಯಾಗಿನಲ್ಲಿ ಮಾತ್ರೆ ಇರುತ್ತದೆ ಅಂತಲೂ ಗೊತ್ತು.

ನಾನು ಕೊಡುವುದಿಲ್ಲ. ಬದಲಿಗೆ ಕೂರಿಸಿ ಕೇಳುತ್ತೇನೆ. ಈಗ ಗಾಡಿ ಓಡಿಸುತ್ತೀಯಾ? ಮೆಷಿನ್ ಹತ್ತಿರ ಕೆಲಸವಾ? ಬಿಪಿಗೆ, ಸಕ್ಕರೆಗೆ, ಮತ್ತೆ ಯಾವುದಕ್ಕಾದರೂ ಮಾತ್ರೆ ನಡೀತಿದೆಯಾ? ನೆಗಡಿ ಮಾತ್ರೆ ತಗೊಂಡಿದ್ದೀಯಾ? ಕಿಡ್ನಿ ತೊಂದರೆ? ಮೂತ್ರ ಕಟ್ಟುವುದು? ಹೆಣ್ಣುಮಕ್ಕಳಾದರೆ, ಬಸುರಿಯಾ, ಹಾಲು ಕುಡಿಸುತ್ತೀಯಾ? ತುಟಿ ಊದಿದೆಯಾ, ಉಸಿರು ಕಷ್ಟವಾಗುತ್ತಿದೆಯಾ? ಕೆಲವರಿಗೆ ಇದು ಕಿರಿಕಿರಿ. "ಒಂದು ಮಾತ್ರೆಗೆ ಇಷ್ಟೊಂದಾ?" ಅನ್ನುತ್ತಾರೆ. ಹೌದು, ಇಷ್ಟೊಂದು ಬೇಕು. ಯಾವುದು ಜಾಸ್ತಿ ಪವರ್ ಅಂತ ಎಲ್ಲರೂ ಕೇಳುತ್ತಾರೆ. ಯಾರು ನುಂಗುತ್ತಾರೆ, ನುಂಗಿದ ಮೇಲೆ ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಅಲರ್ಜಿ ಮಾತ್ರೆ ಆರಿಸುವಾಗ ನೋಡಬೇಕಾದದ್ದು ಅದನ್ನೇ ಅಂತ ನನ್ನ ನಂಬಿಕೆ.

ನನಗೆ ಇದು ಶುರುವಾಗಿದ್ದು ಸೀಸನ್ ಮಧ್ಯದಲ್ಲೇ. ಗೋದಾಮಿನಲ್ಲಿ ಧೂಳು ಹೇಗಿರುತ್ತದೆ ಅಂತ ಅಲ್ಲಿ ನಿಂತವರಿಗೇ ಗೊತ್ತು. ಹಲ್ಲಿಂಗ್ ಮೆಷಿನ್ ಓಡಿದರೆ ಸಿಪ್ಪೆಯ ಪುಡಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಗೋಣಿ ಚೀಲ ಕೊಡವಿದರೆ ಕಣ್ಣು ಬಿಡಲು ಆಗುವುದಿಲ್ಲ. ಹುರಿಯದ ಹಸಿರು ಕಾಫಿ ಬೀಜದ ಧೂಳು ಕೆಲವರಿಗೆ ಮೂಗು, ಕಣ್ಣು, ಎದೆಯ ಅಲರ್ಜಿ ತರುತ್ತದೆ ಅನ್ನುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಹಾಗಾಗಿ ನನ್ನ ಮೈಮೇಲೆ ದದ್ದು ಎದ್ದಾಗ ಎಲ್ಲರೂ "ಧೂಳಿಂದಾನೇ" ಅಂದರು. ಅತ್ತೆ "ನಂಜು" ಅಂದರು. ಬದನೆಕಾಯಿ, ಹಲಸಿನಹಣ್ಣು, ಒಣಮೀನು ಎಲ್ಲ ಬಂದ್ ಆಯಿತು. ದೊಡ್ಡಪತ್ರೆ ಎಲೆ ಜಜ್ಜಿ ರಸ ಹಚ್ಚಿದರು, ಕಂಬಳಿಯಿಂದ ಮೈ ಉಜ್ಜಿದರು. ದೊಡ್ಡಪತ್ರೆ ರಸ ತಂಪಾಗಿ ಹಿತ ಅನ್ನಿಸಿತು. ಕಂಬಳಿ ಉಜ್ಜಿದ್ದಕ್ಕೆ ಮಾತ್ರ ಇದ್ದ ದದ್ದು ಎರಡರಷ್ಟಾಯಿತು. ಯಾಕೆ ಹಾಗಾಯಿತು ಅಂತ ಮುಂದೆ ಗೊತ್ತಾಯಿತು.

ಅಕ್ಕ ಹಾಸನದಲ್ಲಿದ್ದಾಳೆ. ಅವಳ ಒತ್ತಾಯಕ್ಕೆ ಬೇಲೂರು ಮೇಲೆ ಹಾಸನಕ್ಕೆ ಹೋಗಿ ಅಲ್ಲಿನ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವತ್ತು ಮೈಮೇಲೆ ಒಂದೂ ದದ್ದು ಇರಲಿಲ್ಲ. ಡಾಕ್ಟರ್ ನನ್ನ ಮುಂಗೈ ಹಿಡಿದು, ತಮ್ಮ ಬಾಲ್‌ಪೆನ್ನಿನ ಕ್ಯಾಪ್‌ನಿಂದ ಮೊಣಕೈವರೆಗೆ ಒಂದು ಗೆರೆ ಎಳೆದರು. ಗಟ್ಟಿಯಾಗಿ ಅಲ್ಲ, ಸ್ವಲ್ಪ ಒತ್ತಿ. ಮೊದಲು ಬಿಳಿ ಗೆರೆ ಕಾಣಿಸಿತು. ಅದು ಕೆಂಪಾಯಿತು. ಅವರು ಚೀಟಿಯಲ್ಲಿ ನನ್ನ ಹೆಸರು, ವಯಸ್ಸು ಬರೆಯುತ್ತಿದ್ದ ಹಾಗೇ ಗೆರೆ ದಪ್ಪವಾಗುತ್ತಾ ಬಂದು, ಬೆರಳಾಡಿಸಿದರೆ ಹಗ್ಗದ ಹಾಗೆ ಸಿಗುವಷ್ಟು ಉಬ್ಬಿತು. ಅದರ ಎರಡೂ ಬದಿ ಕೆಂಪು ಅಂಚು. ತುರಿಕೆ ತಡೆಯಲಾಗಲಿಲ್ಲ. "ನೋಡಿ, ನಿಮ್ಮ ಚರ್ಮಕ್ಕೆ ಉಜ್ಜಿದರೇ ಸಾಕು. ಲಂಗದ ಲಾಡಿ ಕಟ್ಟಿದ ಜಾಗದಲ್ಲಿ, ಬ್ಯಾಗ್ ಹಾಕಿದ ಹೆಗಲಿನಲ್ಲಿ ಜಾಸ್ತಿ ಅಲ್ವಾ?" ಅಂದರು. ಹೌದು, ಸೊಂಟದ ಸುತ್ತಲೂ ದಿನಾ ಇರುತ್ತಿತ್ತು. ಕಂಬಳಿಯ ಲೆಕ್ಕವೂ ಅಲ್ಲಿಗೆ ಸರಿಹೋಯಿತು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಚರ್ಮದೊಳಗೆ ಮಾಸ್ಟ್ ಸೆಲ್ ಅನ್ನುವ ಕೋಶಗಳಿವೆ. ಅವು ಹಿಸ್ಟಮೈನ್ ಅನ್ನುವ ಪದಾರ್ಥವನ್ನು ತುಂಬಿಕೊಂಡಿರುತ್ತವೆ. ಅಲರ್ಜಿಯಿಂದಲೋ, ಒತ್ತಡದಿಂದಲೋ, ಚಳಿಯಿಂದಲೋ, ಅಥವಾ ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ ಕೆರಳಿಯೋ ಅವು ಅದನ್ನು ಹೊರಗೆ ಬಿಡುತ್ತವೆ. ಆಗ ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಸೋರುತ್ತದೆ. ಅದೇ ಉಬ್ಬು. ನರದ ತುದಿ ಕೆರಳಿದರೆ ತುರಿಕೆ. ಮಾತ್ರೆ ಹಿಸ್ಟಮೈನ್ ಅನ್ನು ನಾಶ ಮಾಡುವುದಿಲ್ಲ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಹಿಸ್ಟಮೈನ್ ಬಂದು ಕೂರುವ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಅದಕ್ಕೇ ಗಂಧೆ ಎದ್ದು ಕುಣಿಯುವಾಗ ನುಂಗುವುದಕ್ಕಿಂತ, ಏಳುವ ಮೊದಲೇ ದಿನಾ ಒಂದೇ ಹೊತ್ತಿಗೆ ನುಂಗಿದರೆ ಕೆಲಸ ಚೆನ್ನಾಗಿ ಆಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಇದು. ಯಾವ ಮಾತ್ರೆ ಅನ್ನುವಷ್ಟೇ, ಹೇಗೆ ತಗೊಳ್ಳುತ್ತೀರಿ ಅನ್ನುವುದೂ ಮುಖ್ಯ.

ಈಗ ಮಾತ್ರೆಗಳ ವಿಷಯ. ಸ್ಥೂಲವಾಗಿ ಎರಡು ಗುಂಪು. ಹಳೇವು, ಹೊಸವು.

ಹಳೇ ಗುಂಪಿನಲ್ಲಿ ಕ್ಲೋರ್‌ಫೆನಿರಮೈನ್, ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಪ್ರೊಮೆಥಜೈನ್, ಹೈಡ್ರಾಕ್ಸಿಜೈನ್ ಎಲ್ಲ ಬರುತ್ತವೆ. ಅವಿಲ್ ಅಂದರೆ ಫೆನಿರಮೈನ್, ಅಟರಾಕ್ಸ್ ಅಂದರೆ ಹೈಡ್ರಾಕ್ಸಿಜೈನ್. ನಮ್ಮ ಊರುಗಳಲ್ಲಿ ಅಲರ್ಜಿ ಅಂದಕೂಡಲೇ ಬಾಯಿಗೆ ಬರುವ ಹೆಸರುಗಳು ಇವೇ. ತುರಿಕೆಗೆ ಕೆಲಸ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇವು ಮೆದುಳಿನೊಳಗೂ ಹೋಗುತ್ತವೆ. ನಾವು ಎಚ್ಚರವಾಗಿರಲು ಮೆದುಳಿಗೂ ಹಿಸ್ಟಮೈನ್ ಬೇಕು. ಅಲ್ಲೂ ಜಾಗ ಹಿಡಿದುಬಿಟ್ಟರೆ ನಿದ್ದೆ ಬರದೆ ಇನ್ನೇನು? ರಾತ್ರಿ ನುಂಗಿದರೂ ಬೆಳಿಗ್ಗೆವರೆಗೆ ಮಂಪರು ಉಳಿಯಬಹುದು. ತನಗೆ ನಿದ್ದೆ ಬಂದಿಲ್ಲ ಅಂತ ಅನ್ನಿಸುವವರಿಗೂ ಕೈಕಾಲಿನ ಚುರುಕು ಕಡಿಮೆಯಾಗಿರುತ್ತದೆ. ಇದು ಹೆದರಿಕೆಯ ವಿಷಯ. ಮಂಗಳೂರಿಗೆ ಲೋಡು ಹೊತ್ತು ರಾತ್ರಿ ಶಿರಾಡಿ ಘಾಟಿ ಇಳಿಯುವ ಡ್ರೈವರ್ ಒಬ್ಬ "ಗಂಧೆ ಎದ್ದಿದೆ ಅಕ್ಕ, ಮೆಡಿಕಲ್‌ನಲ್ಲಿ ಒಂದು ಇಸ್ಕೊಂಡೆ" ಅಂತ ತೋರಿಸಿದಾಗ ಅದು ಹಳೇ ಗುಂಪಿನ ಮಾತ್ರೆ. ಅವನನ್ನು ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋಗಿ ಬೇರೆ ಡ್ರೈವರ್ ಹಾಕಿಸಿದೆ. ಅವನಿಗೆ ಒಂದು ಟ್ರಿಪ್ಪಿನ ಭತ್ಯೆ ಹೋಯಿತು ಅಂತ ಬೇಜಾರಾಯಿತು. ಆಗಲಿ. ಸಂಜೆ ಸ್ವಲ್ಪ ಕುಡಿಯುವ ಅಭ್ಯಾಸ ಇರುವವರಿಗಂತೂ ಇವು ಇನ್ನೂ ಅಪಾಯ. ಮದ್ಯದ ಮಂಪರಿನ ಮೇಲೆ ಮಾತ್ರೆಯ ಮಂಪರೂ ಸೇರಿಕೊಳ್ಳುತ್ತದೆ.

ಹಳೇ ಮಾತ್ರೆಗಳ ಇನ್ನೊಂದು ಗುಣ ನಮ್ಮ ಮನೆಯಲ್ಲೇ ನೋಡಿದ್ದೇನೆ. ಮಾವನಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ. ಒಂದು ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ಹೊತ್ತಿಗೆ, ಅವರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಪೇಟೆಯಿಂದ ನೆಗಡಿ ಮಾತ್ರೆ ತರಿಸಿಕೊಂಡು ಒಂದೆರಡು ನುಂಗಿದರು. ಮಾರನೇ ಬೆಳಿಗ್ಗೆ ಮೂತ್ರವೇ ಬರಲಿಲ್ಲ. ಕಿಬ್ಬೊಟ್ಟೆ ಕಲ್ಲಿನ ಹಾಗೆ ಬಿಗಿದು, ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದರು. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬರುವಷ್ಟರಲ್ಲಿ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪೈಪ್ ಹಾಕಿ ಮೂತ್ರ ತೆಗೆದರು. "ಏನು ಮಾತ್ರೆ ತಗೊಂಡ್ರಿ?" ಅಂತ ಡಾಕ್ಟರ್ ಕೇಳಿದರು. ಮಾವನ ಅಂಗಿ ಜೇಬಿನಲ್ಲಿ ಕತ್ತರಿಸಿದ ಸ್ಟ್ರಿಪ್ ಇತ್ತು. ಕಿಟಕಿ ಬೆಳಕಿಗೆ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿದೆ. ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್. ಎರಡನೆಯದು ಹಳೇ ಗುಂಪಿನ ಅಲರ್ಜಿ ಔಷಧ, ಮೂತ್ರಕೋಶದ ಬಿಗಿತವನ್ನು ಸಡಿಲ ಮಾಡಿ ಒತ್ತಿ ಹೊರಹಾಕುವ ಶಕ್ತಿ ಕಡಿಮೆ ಮಾಡುತ್ತದೆ. ಮೂರನೆಯದು ಮೂಗಿನ ಕಟ್ಟು ಬಿಡಿಸುವ ಔಷಧ, ಮೂತ್ರದ ದಾರಿಯನ್ನು ಇನ್ನೂ ಬಿಗಿ ಮಾಡುತ್ತದೆ. ಪ್ರಾಸ್ಟೇಟ್ ದೊಡ್ಡದಾದವರಿಗೆ ಎರಡೂ ಸೇರಿ ಬಂದರೆ ಕೇಳಬೇಕಾ? ನೆಗಡಿ ಮಾತ್ರೆಯೊಳಗೆ ಅಲರ್ಜಿ ಔಷಧ ಇರುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲೂ ಯಾರೂ ಕೇಳಲಿಲ್ಲ.

ಹಿರಿಯರಿಗೆ ಈ ಹಳೇ ಮಾತ್ರೆಗಳಿಂದ ಬಾಯಿ ಒಣಗುವುದು, ಮಲಬದ್ಧತೆ, ಗೊಂದಲ, ರಾತ್ರಿ ಎದ್ದು ಬಿದ್ದುಬಿಡುವುದು ಎಲ್ಲ ಆಗಬಹುದು. ಕಣ್ಣಿನ ಒತ್ತಡದ ಒಂದು ಬಗೆಯ ಗ್ಲಾಕೋಮಾ ಇರುವವರೂ ದೂರ ಇರಬೇಕು. ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪ್ರೊಮೆಥಜೈನ್ ಸಿರಪ್ಪನ್ನು 2 ವರ್ಷದೊಳಗಿನವರಿಗೆ ಕೊಡಲೇಬಾರದು, ಉಸಿರಾಟ ಕುಗ್ಗುವ ಅಪಾಯವಿದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಅಂತ ಲೇಬಲ್ ಮೇಲೆ ಬರೆಯಲೇಬೇಕೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆದೇಶ ಮಾಡಿದ್ದಾರೆ. ಮಗು ರಾತ್ರಿ ಚೆನ್ನಾಗಿ ಮಲಗಲಿ ಅಂತ ಸುಮ್ನೆ ಈ ಸಿರಪ್ ಕೊಡುವ ತಾಯಂದಿರು ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಈಗಲೂ ಇದ್ದಾರೆ. ದಯವಿಟ್ಟು ಬೇಡ.

ಹೊಸ ಗುಂಪಿನ ಮಾತ್ರೆಗಳು ಮೆದುಳಿಗೆ ಅಷ್ಟಾಗಿ ಹೋಗುವುದಿಲ್ಲ. ಸೆಟ್ರಿಜಿನ್, ಲಿವೋಸೆಟ್ರಿಜಿನ್, ಲೊರಾಟಡಿನ್, ಡೆಸ್‌ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್, ರುಪಾಟಡಿನ್, ಎಬಾಸ್ಟಿನ್ ಹೀಗೆ. ಪಿತ್ತದ ಗಂಧೆಗೆ ಮೊದಲು ಕೊಡಬೇಕಾದದ್ದು ಈ ಗುಂಪಿನದೇ ಅಂತ ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇವುಗಳಲ್ಲೇ ಒಂದಕ್ಕೊಂದು ವ್ಯತ್ಯಾಸ ಇದೆ, ಆರಿಸುವ ಪ್ರಶ್ನೆ ನಿಜವಾಗಿ ಬರುವುದು ಇಲ್ಲಿ.

ನನಗೆ ಮೊದಲು ಕೊಟ್ಟಿದ್ದು ಸೆಟ್ರಿಜಿನ್ 10 ಮಿಲಿಗ್ರಾಂ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಒಂದು ಗಂಟೆಯೊಳಗೆ ತುರಿಕೆ ಇಳಿಯಲು ಶುರುವಾಗುತ್ತದೆ. ಇದು ಹಳೇ ಹೈಡ್ರಾಕ್ಸಿಜೈನ್‌ನಿಂದಲೇ ಬಂದದ್ದು. ಹೈಡ್ರಾಕ್ಸಿಜೈನ್ ದೇಹದೊಳಗೆ ಸೆಟ್ರಿಜಿನ್ ಆಗಿ ಬದಲಾಗುತ್ತದೆ. ಹಾಗಾಗಿ ಹೊಸ ಗುಂಪಿನಲ್ಲಿ ನಿದ್ದೆ ಸ್ವಲ್ಪ ಜಾಸ್ತಿ ತರುವುದೂ ಇದೇ. ಅಮೆರಿಕದ ಲೇಬಲ್ ಪ್ರಕಾರ 10 ಮಿಲಿಗ್ರಾಂ ತಗೊಂಡ ನೂರು ಜನರಲ್ಲಿ ಸುಮಾರು 14 ಮಂದಿಗೆ ಮಂಪರು ಆಯಿತು. ಔಷಧವೇ ಇಲ್ಲದ ಹುಸಿ ಮಾತ್ರೆ ತಗೊಂಡವರಲ್ಲಿ ಸುಮಾರು 6 ಮಂದಿಗೆ. ಅಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನಾನು ಮಾತ್ರ ಆ ಹದಿನಾಲ್ಕರ ಕಡೆಯವಳು. ರಾತ್ರಿ ತಗೊಂಡರೂ ಬೆಳಿಗ್ಗೆ ತಲೆ ಭಾರ. ಬಿಲ್ಲಿನ ಮೊತ್ತ ಎರಡೆರಡು ಸಲ ಕೂಡಬೇಕಾಗುತ್ತಿತ್ತು. ಮುಂಜಾನೆ ಮಂಜಿನಲ್ಲಿ ಆಲ್ದೂರು ರಸ್ತೆಯ ತಿರುವುಗಳಲ್ಲಿ ಸ್ಕೂಟರ್ ಓಡಿಸುವಾಗ ಭಯವಾಗುತ್ತಿತ್ತು.

ಲಿವೋಸೆಟ್ರಿಜಿನ್ ಅಂದರೆ ಸೆಟ್ರಿಜಿನ್‌ನ ಕೆಲಸ ಮಾಡುವ ಅರ್ಧ ಭಾಗವನ್ನು ಮಾತ್ರ ತೆಗೆದಿಟ್ಟದ್ದು. ಅದಕ್ಕೇ ಅದು 5 ಮಿಲಿಗ್ರಾಂ. 5 ಅಂದಕೂಡಲೇ ಕಡಿಮೆ ಪವರ್ ಅಂದುಕೊಂಡು ಎರಡು ನುಂಗುವವರಿದ್ದಾರೆ. ಹಾಗಲ್ಲ, ಅದರ 5 ಇದರ 10ಕ್ಕೆ ಸಮ. ನಿದ್ದೆಯ ವಿಷಯದಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಎರಡೂ ಹೆಚ್ಚಾಗಿ ಕಿಡ್ನಿಯ ಮೂಲಕವೇ ಹೊರಹೋಗುವುದರಿಂದ ಕಿಡ್ನಿ ದುರ್ಬಲ ಇರುವವರಿಗೆ ಡಾಕ್ಟರ್ ಪ್ರಮಾಣ ಇಳಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆ ಹಳತಾದವರು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿಕೊಂಡೇ ತಗೊಳ್ಳಿ.

ಆಮೇಲೆ ಡಾಕ್ಟರ್ ಫೆಕ್ಸೊಫೆನಡಿನ್ ಬರೆದರು. ಅಲೆಗ್ರಾ ಅಂತ ಹೆಸರು ಕೇಳಿರುತ್ತೀರಿ. ಗಂಧೆಗೆ ಸಾಮಾನ್ಯವಾಗಿ 180 ಮಿಲಿಗ್ರಾಂ. ಇದರ ಹುಟ್ಟಿನ ಕಥೆ ನನಗೆ ಇಷ್ಟ. ಟರ್ಫೆನಡಿನ್ ಅಂತ ಮೊದಲು ಒಂದು ಮಾತ್ರೆ ಇತ್ತು, ನಿದ್ದೆ ತರದ ಅಲರ್ಜಿ ಮಾತ್ರೆ ಅಂತ ಜಗತ್ತೆಲ್ಲ ನುಂಗಿತು. ಬೇರೆ ಕೆಲವು ಔಷಧಗಳ ಜೊತೆ ಸೇರಿದಾಗ ಹೃದಯದ ಬಡಿತ ಏರುಪೇರಾಗಿ ಜೀವಕ್ಕೇ ಅಪಾಯ ಅಂತ ತಿಳಿದ ಮೇಲೆ 1990ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಆ ಮಾತ್ರೆ ದೇಹದೊಳಗೆ ಹೋಗಿ ಏನಾಗಿ ಬದಲಾಗುತ್ತಿತ್ತೋ, ಹೃದಯಕ್ಕೆ ಆ ತೊಂದರೆ ಕೊಡದ ಅದೇ ಭಾಗವೇ ಫೆಕ್ಸೊಫೆನಡಿನ್. ನಿದ್ದೆ ತೀರಾ ಕಡಿಮೆ. ಡ್ರೈವರ್‌ಗಳಿಗೆ, ಮೆಷಿನ್ ಕೆಲಸದವರಿಗೆ ಡಾಕ್ಟರ್ ಹತ್ತಿರ ನಾನು ಮೊದಲು ಕೇಳಿ ಅನ್ನುವುದು ಇದನ್ನೇ.

ಆದರೆ ಇದಕ್ಕೂ ಒಂದು ಪಥ್ಯ ಇದೆ. ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬು, ಚಕ್ಕೋತ ಹಣ್ಣಿನ ಬಳಗದ ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ), ಇವುಗಳ ಜ್ಯೂಸ್ ಜೊತೆ ತಗೊಂಡರೆ ಔಷಧ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ನಮ್ಮ ತೋಟದಲ್ಲಿ ಕಾಫಿ ನಡುವೆ ಕಿತ್ತಳೆ ಗಿಡಗಳಿವೆ. ಕೊಯ್ಲಿನ ಹೊತ್ತಿಗೆ ಹಣ್ಣೂ ಬರುತ್ತದೆ, ಮನೆಯಲ್ಲಿ ದಿನಾ ಜ್ಯೂಸ್. ನಾನು ಜ್ಯೂಸನ್ನು ಮಧ್ಯಾಹ್ನಕ್ಕೆ ಸರಿಸಿದೆ. ಹೊಟ್ಟೆಯುರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಕೂಡ ಹಾಗೆಯೇ, ಫೆಕ್ಸೊಫೆನಡಿನ್ ಜೊತೆಜೊತೆಗೆ ತಗೊಳ್ಳಬಾರದು.

ಫೆಕ್ಸೊಫೆನಡಿನ್‌ನಲ್ಲಿ ತಲೆ ಹಗುರವಾಯಿತು, ಆದರೆ ಸೊಂಟದ ಗಂಧೆ ಪೂರ್ತಿ ನಿಲ್ಲಲಿಲ್ಲ. ಕೊನೆಗೆ ನನಗೆ ಹೊಂದಿದ್ದು ಬಿಲಾಸ್ಟಿನ್ 20 ಮಿಲಿಗ್ರಾಂ. ಇದೂ ಮಂಪರು ತರುವುದು ಕಡಿಮೆ. ಆದರೆ ಖಾಲಿ ಹೊಟ್ಟೆಯಲ್ಲೇ ತಗೊಳ್ಳಬೇಕು. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವಾದರೆ ಊಟವಾಗಿ ಎರಡು ಗಂಟೆ ಬಿಟ್ಟು. ಹಣ್ಣಿನ ರಸ ಇದಕ್ಕೂ ಆಗುವುದಿಲ್ಲ. ನಾನು ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಒಂದು ಲೋಟ ನೀರಿನಲ್ಲಿ ನುಂಗುತ್ತೇನೆ. ಅಕ್ಕಿರೊಟ್ಟಿ ತಟ್ಟಿ, ಎಲ್ಲರಿಗೂ ಹಾಕಿ, ನಾನು ತಿನ್ನುವ ಹೊತ್ತಿಗೆ ಗಂಟೆ ದಾಟಿರುತ್ತದೆ. ನನ್ನ ದಿನಚರಿಗೆ ಇದು ಕೂಡಿಬಂತು. ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬಳಿಗೆ ಇದೇ ಮಾತ್ರೆ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಅವಳು ಎದ್ದಕೂಡಲೇ ತಿಂಡಿ ತಿಂದು ಮೊದಲ ಬಸ್ ಹಿಡಿಯುವವಳು. ಅವಳಿಗೆ ಊಟದ ಹಂಗಿಲ್ಲದ ಸೆಟ್ರಿಜಿನ್ ರಾತ್ರಿ ಹೊತ್ತು ಚೆನ್ನಾಗಿ ಹೊಂದಿದೆ, ಮಂಪರೂ ಇಲ್ಲ. ಒಂದೇ ಕಾಯಿಲೆ, ಒಂದೇ ಧೂಳು, ಬೇರೆ ಬೇರೆ ಮಾತ್ರೆ. ಬೆಲೆಯಲ್ಲೂ ಸೆಟ್ರಿಜಿನ್ ಗುಂಪೇ ಅಗ್ಗ. ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಇನ್ನೂ ಕಡಿಮೆಗೆ ಸಿಗುತ್ತದೆ. ತಿಂಗಳುಗಟ್ಟಲೆ ನುಂಗುವವರಿಗೆ ಅದೂ ದೊಡ್ಡ ಲೆಕ್ಕವೇ.

ಬಸುರಿಯರಿಗೆ ವೈದ್ಯರು ಬಹಳ ವರ್ಷದಿಂದ ಬಳಸಿ ಅನುಭವ ಇರುವುದು ಲೊರಾಟಡಿನ್ ಮತ್ತು ಸೆಟ್ರಿಜಿನ್. ಆದರೂ ಆ ನಿರ್ಧಾರ ಅವರನ್ನು ನೋಡುತ್ತಿರುವ ಡಾಕ್ಟರದ್ದೇ ಆಗಬೇಕು.

ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಎರಡೇ ದಿನಕ್ಕೆ ಬದಲಾಯಿಸುವುದು ನಮ್ಮಲ್ಲಿ ಬಹಳ. ದಿನಾ ತಪ್ಪದೆ ಎರಡರಿಂದ ನಾಲ್ಕು ವಾರ ನೋಡಬೇಕು ಅಂತ ಡಾಕ್ಟರ್ ಹೇಳಿದರು. ಆಗಲೂ ಹತೋಟಿಗೆ ಬರದಿದ್ದರೆ ಅದೇ ಹೊಸ ಗುಂಪಿನ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೆ ಏರಿಸಬಹುದು. ನನಗೂ ಸ್ವಲ್ಪ ಕಾಲ ದಿನಕ್ಕೆ ಎರಡು ಕೊಟ್ಟಿದ್ದರು. ಇದನ್ನು ಓದಿ ನೀವೇ ಏರಿಸಿಕೊಳ್ಳಬೇಡಿ. ಕಿಡ್ನಿ, ಲಿವರ್, ಹೃದಯ ನೋಡಿ ಡಾಕ್ಟರ್ ಮಾಡುವ ಕೆಲಸ ಅದು. ಅದಕ್ಕೂ ಬಗ್ಗದಿದ್ದರೆ ಒಮಲಿಜುಮ್ಯಾಬ್ ಅಂತ ಚುಚ್ಚುಮದ್ದು ಇದೆ, ದುಬಾರಿ, ಆದರೆ ಇದೆ. ಎಷ್ಟು ನುಂಗಿದರೂ ಹೋಗಲ್ಲ ಅಂತ ಕೈಚೆಲ್ಲಿ ಕೂತವರಿಗೆ ಇದು ಗೊತ್ತಿರಲಿ.

ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳ ಬಗ್ಗೆ ನನಗೆ ಎರಡು ಆತಂಕ. ಒಂದು, ಮಾಂಟೆಲುಕಾಸ್ಟ್ ಮತ್ತು ಲಿವೋಸೆಟ್ರಿಜಿನ್ ಸೇರಿದ ಮಾತ್ರೆ. ಮೂಗಿನ ಅಲರ್ಜಿಗೆ ಡಾಕ್ಟರ್ ಬರೆದರೆ ಸರಿ. ಬರೀ ಗಂಧೆಗೆ ಅದು ಮೊದಲ ಆಯ್ಕೆ ಅಲ್ಲ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ನಿದ್ದೆಗೇಡು, ಕೆಟ್ಟ ಕನಸು, ಮನಸ್ಸಿನ ಏರುಪೇರು ಆಗಬಹುದು ಅಂತ ಅಮೆರಿಕದ ಔಷಧ ಇಲಾಖೆ 2020ರಲ್ಲಿ ತನ್ನ ಅತಿ ಗಂಭೀರ ಎಚ್ಚರಿಕೆಯನ್ನೇ ಹಾಕಿದೆ. ಇನ್ನೊಂದು, ಸ್ಟೀರಾಯ್ಡ್. ಬಿಳಿ ಚಿಕ್ಕ ಮಾತ್ರೆ, ಮಂತ್ರದ ಹಾಗೆ ಗಂಧೆ ಮಾಯ. ಬಿಟ್ಟಕೂಡಲೇ ವಾಪಸ್. ಜೋರಾಗಿ ಎದ್ದಾಗ ಡಾಕ್ಟರ್ ನಾಲ್ಕಾರು ದಿನಕ್ಕೆ ಕೊಡುವುದು ಬೇರೆ, ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗುವುದು ಬೇರೆ. ಸಕ್ಕರೆ, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ, ಮುಖ ಊದುತ್ತದೆ.

ನೋವಿನ ಮಾತ್ರೆಯನ್ನೂ ಮರೆಯಬೇಡಿ. ಕೊಯ್ಲಿನಲ್ಲಿ ಬೆನ್ನು ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗದವರು ಕಡಿಮೆ. ಪಿತ್ತದ ಗಂಧೆ ಇರುವ ಕೆಲವರಿಗೆ ಇವು ಗಂಧೆಯನ್ನು ಕೆರಳಿಸುತ್ತವೆ. ನೋವಿನ ಮಾತ್ರೆ ನುಂಗಿದ ದಿನವೇ ಜಾಸ್ತಿ ಏಳುತ್ತಿದೆಯಾ ಅಂತ ಗಮನಿಸಿ, ಡಾಕ್ಟರಿಗೆ ಹೇಳಿ.

ಅತ್ತೆಯ ನಂಜಿನ ಪಥ್ಯದ ವಿಷಯಕ್ಕೆ ಬರುತ್ತೇನೆ. ಒಂದು ಪದಾರ್ಥ ತಿಂದ ಗಂಟೆ, ಎರಡು ಗಂಟೆಯಲ್ಲಿ ಪ್ರತಿ ಸಲವೂ ಗಂಧೆ ಎದ್ದರೆ ಅದನ್ನು ಬಿಡಲೇಬೇಕು. ಆದರೆ ಆರು ವಾರ ಮೀರಿ ಎದ್ದು ಮಲಗುತ್ತಿರುವ ಗಂಧೆಗೆ ಊಟ ಕಾರಣವಾಗುವುದು ಅಪರೂಪ. ಬಹಳ ಸಲ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಮೇಲೆ ತಿರುಗಿರುತ್ತದೆ. ಥೈರಾಯ್ಡ್ ತೊಂದರೆಯೂ ಜೊತೆಗಿರಬಹುದು, ಅದಕ್ಕೇ ನನಗೆ ಟಿಎಸ್‌ಹೆಚ್ ಪರೀಕ್ಷೆ ಮಾಡಿಸಿದರು. ಅತ್ತೆಗೆ ಇದನ್ನು ವಾದ ಮಾಡಿ ಹೇಳಲಿಲ್ಲ. ಹಲಸಿನಹಣ್ಣು ತಿಂದ ದಿನ, ತಿನ್ನದ ದಿನ, ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ತೋರಿಸಿದೆ. ಗಂಧೆ ಎರಡಕ್ಕೂ ಸಮ. ಅವರೇ "ಹಾಗಾದ್ರೆ ತಿನ್ನು ಮಾರಾಯ್ತಿ" ಅಂದರು. ನನ್ನ ಹಾಗೆ ಸುಮ್ನೆ ಊಟ ಬಿಟ್ಟು ಸೊರಗಿದ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೋ ಅಂತ ಬೇಸರವಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಒಂದು ದದ್ದಿನ ಸುತ್ತ ಬಾಲ್‌ಪೆನ್ನಿನಲ್ಲಿ ಮೆತ್ತಗೆ ಗೆರೆ ಹಾಕಿ, ಹೊತ್ತು ಬರೆದಿಡಿ. ಪಿತ್ತದ ಗಂಧೆಯಾದರೆ ಒಂದು ದದ್ದು 24 ಗಂಟೆಯೊಳಗೆ ಮಾಯವಾಗಿ, ಚರ್ಮ ಮೊದಲಿನಂತಾಗಿ, ಇನ್ನೊಂದು ಕಡೆ ಏಳುತ್ತದೆ. ಮಾರನೇ ದಿನ ದಾಟಿಯೂ ಅಲ್ಲೇ ಕೂತಿದ್ದರೆ, ನೋಯುತ್ತಿದ್ದರೆ, ಹೋಗುವಾಗ ಕಪ್ಪು ಕಲೆ ಬಿಟ್ಟರೆ ಅದು ರಕ್ತನಾಳದ ಉರಿಯೂತ ಇರಬಹುದು. ಮಾತ್ರೆ ಬದಲಾಯಿಸುತ್ತಾ ಕೂರಬೇಡಿ, ತೋರಿಸಿ. ಡಾಕ್ಟರ್ ಹತ್ತಿರ ಹೋಗುವ ದಿನ ಗಂಧೆ ಇರುವುದೇ ಇಲ್ಲ, ಗೊತ್ತಲ್ಲ? ಎದ್ದಾಗಲೇ ಫೋನಿನಲ್ಲಿ ಫೋಟೊ ತೆಗೆದಿಡಿ. ತಗೊಂಡ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಒಂದು ವಿಷಯದಲ್ಲಿ ಯಾವ ಅಲರ್ಜಿ ಮಾತ್ರೆಯನ್ನೂ ನಂಬಬೇಡಿ. ತೋಟದಲ್ಲಿ ಹೆಜ್ಜೇನು, ಕಣಜ ಕಡಿದ ಮೇಲೋ, ಏನೋ ತಿಂದ ಮೇಲೋ, ಇಂಜೆಕ್ಷನ್ ಕೊಟ್ಟ ಮೇಲೋ ಮೈಯೆಲ್ಲ ಗಂಧೆ ಎದ್ದು, ಜೊತೆಗೆ ಉಸಿರು ಕಟ್ಟಿದರೆ, ಧ್ವನಿ ಗೊಗ್ಗರಾದರೆ, ನಾಲಿಗೆ ಊದಿದರೆ, ವಾಂತಿಯಾಗಿ ತಲೆ ಸುತ್ತಿ ಬಿದ್ದರೆ, ಅಲ್ಲಿ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಮಾತ್ರೆ ನುಂಗಿಸಿ ಕಾಯುವುದರಲ್ಲಿ ಸಮಯ ಹೋಗುತ್ತದೆ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಓಡಿ. ಎದ್ದು ನಡೆಸಬೇಡಿ, ಮಲಗಿಸಿಕೊಂಡೇ ಹೋಗಿ. ಉಸಿರು ಕಷ್ಟವಾದರೆ ಒರಗಿ ಕೂರಿಸಿ. ಬಿಪಿಗೆ ರಾಮಿಪ್ರಿಲ್, ಎನಾಲಾಪ್ರಿಲ್ ತಗೊಳ್ಳುವವರಿಗೆ ಗಂಧೆ ಇಲ್ಲದೆ ಬರೀ ತುಟಿ, ನಾಲಿಗೆ ಊದಿದರೆ ಅದು ಆ ಬಿಪಿ ಮಾತ್ರೆಯಿಂದಲೇ ಇರಬಹುದು. ಅದಕ್ಕೆ ಅಲರ್ಜಿ ಮಾತ್ರೆ ನಾಟುವುದಿಲ್ಲ. ಅದಕ್ಕೂ ಆಸ್ಪತ್ರೆಯೇ.

ಕೊನೆಗೆ, ನಿಲ್ಲಿಸುವ ವಿಷಯ. ಗಂಧೆ ಹೋಯಿತು ಅಂತ ಒಂದೇ ದಿನಕ್ಕೆ ಬಿಟ್ಟುಬಿಡಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ತಿಂಗಳುಗಟ್ಟಲೆ ದಿನಾ ಸೆಟ್ರಿಜಿನ್ ಅಥವಾ ಲಿವೋಸೆಟ್ರಿಜಿನ್ ತಗೊಂಡು ನಿಲ್ಲಿಸಿದ ಕೆಲವರಿಗೆ ಮೊದಲಿಲ್ಲದಷ್ಟು ತುರಿಕೆ ಬರಬಹುದು ಅಂತ ಅಮೆರಿಕದ ಔಷಧ ಇಲಾಖೆ 2025ರಲ್ಲಿ ಎಚ್ಚರಿಸಿದೆ. ಅಪರೂಪ, ಆದರೆ ತಿಳಿದಿದ್ದರೆ "ಕಾಯಿಲೆ ಮತ್ತೆ ಬಂತು" ಅಂತ ಗಾಬರಿಯಾಗುವುದು ತಪ್ಪುತ್ತದೆ. ನನ್ನದು ಬಿಲಾಸ್ಟಿನ್ ಆದರೂ ನಿಧಾನವಾಗಿಯೇ ಇಳಿಸುತ್ತಿದ್ದಾರೆ. ಈಗ ದಿನ ಬಿಟ್ಟು ದಿನ. ಪೆನ್ ಕ್ಯಾಪ್‌ನಿಂದ ಗೆರೆ ಎಳೆದರೆ ಇನ್ನೂ ತೆಳುವಾಗಿ ಏಳುತ್ತದೆ, ತುರಿಕೆ ಇಲ್ಲ. ಈ ಸೀಸನ್ ಮುಗಿದು ಗೋದಾಮು ಖಾಲಿಯಾದ ಮೇಲೆ ಪೂರ್ತಿ ಬಿಟ್ಟು ನೋಡೋಣ ಅಂದಿದ್ದಾರೆ.